ವಪೆಯಲ್ಲೊಂದು ಕಂಡಿ

ಮದುವೆಯ ಮನೆಯಲ್ಲಿ ಬಡಿಸುವವರ ಒತ್ತಾಯಕ್ಕೆ ಮಣಿದು ಇನ್ನೆರಡು ಹೋಳಿಗೆಗಳನ್ನು ಹಾಕಿಸಿಕೊಂಡು ಉಂಡು, ಕೈ ತೊಳೆದು ಬಂದೊಡನೆಯೇ ಚಾಪೆಯ ಮೇಲೆ ಮೈ ಚಾಚಿದವರಲ್ಲಿ ಅನೇಕರಿಗೆ ಒಂದು ಅನುಭವವಿರುತ್ತದೆ. ಸ್ವಲ್ಪ ಹೊತ್ತಿನಲ್ಲಿಯೇ ಎದೆಯ ನಡುಮೂಳೆಯ ಹಿಂದೆ ಕೆಂಡವನ್ನಿರಿಸಿದಂತೆ ಉರಿ ಹತ್ತುತ್ತದೆ. ಒಮ್ಮೊಮ್ಮೆ ಹುಳಿನೀರು ಗಂಟಲಿನವರೆಗೂ ಉಕ್ಕಿಬರುತ್ತದೆ. ಎದ್ದು ಕುಳಿತು ಒಂದು ಲೋಟ ನೀರನ್ನೋ ಮಜ್ಜಿಗೆಯನ್ನೋ ಕುಡಿದರೆ ಶಮನವಾಗುತ್ತದೆ, ಮರುದಿನಕ್ಕೆ ಮರೆತೂ ಹೋಗುತ್ತದೆ. ಆದರೆ ಎಲ್ಲರ ಪಾಡೂ ಹೀಗೆ ಸುಲಭವಲ್ಲ. ಪ್ರತಿದಿನವೂ ಈ ಉರಿಯನ್ನು ಅನುಭವಿಸುವವರಿದ್ದಾರೆ. ಮಲಗಿದರೆ ಹುಳಿ ಮೇಲೇರುವುದೆಂಬ ಭಯದಿಂದ ಮೂರು ದಿಂಬುಗಳನ್ನು ಒರಗಿ ರಾತ್ರಿಯನ್ನು ಕಳೆಯುವವರಿದ್ದಾರೆ. ವರ್ಷಗಟ್ಟಲೆ ಸುಟ್ಟ ಅನ್ನನಾಳ ಕಿರಿದಾಗಿ, ಅನ್ನದ ತುತ್ತು ನಡುದಾರಿಯಲ್ಲಿ ನಿಂತುಹೋಗುವವರೂ ಇದ್ದಾರೆ. ಅಂತಹವರಲ್ಲಿ ಕೆಲವರಿಗೆ ವೈದ್ಯರು ಶಸ್ತ್ರಚಿಕಿತ್ಸೆಯನ್ನು ಸೂಚಿಸುವುದುಂಟು. ಹುಳಿ ಹುಟ್ಟುವುದು ಜಠರದಲ್ಲಿ, ಉರಿಯುವುದು ಅನ್ನನಾಳದಲ್ಲಿ. ಆದರೆ ಶಸ್ತ್ರವೈದ್ಯನು ಹೊಲಿಗೆ ಹಾಕುವುದು, ಸೋಜಿಗವೆಂದರೆ, ಇವೆರಡನ್ನೂ ಬಿಟ್ಟು ಮೊದಲು ಉಸಿರಾಟದ ಸ್ನಾಯುವಾದ ವಪೆಗೆ. ಇದೇಕೆ ಹೀಗೆ ಎಂಬುದನ್ನು ನಾವು ಇಲ್ಲಿ ವಿಚಾರ ಮಾಡೋಣ.

ಇಂಗ್ಲಿಷಿನಲ್ಲಿ ಈ ಬೇನೆಗೆ ಹೃದಯದ ಉರಿ ಎಂಬ ಅರ್ಥ ಬರುವ ಹೆಸರಿದೆ. ಹೃದಯಕ್ಕೂ ಇದಕ್ಕೂ ನೆರೆಹೊರೆಯ ಸಂಬಂಧವಲ್ಲದೆ ಬೇರೆ ಸಂಬಂಧವಿಲ್ಲ. ನಮ್ಮ ಎದೆಯುರಿ ಎಂಬ ಮಾತೇ ಹೆಚ್ಚು ಸರಿಯಾದುದು. ಆದರೂ ಈ ನೆರೆಹೊರೆ ಸಾಮಾನ್ಯವಾದುದಲ್ಲ; ಹೃದಯಾಘಾತದ ನೋವನ್ನು ಎದೆಯುರಿಯೆಂದು ತಿಳಿದು ಸೋಡ ಕುಡಿದು ಕುಳಿತವರು ಪ್ರಾಣಕ್ಕೆ ಎರವಾದುದುಂಟು. ಆದಕಾರಣ ಎದೆಯಲ್ಲಿ ಹೊಸದಾಗಿ ಕಾಣಿಸಿಕೊಂಡ ನೋವಿಗೆ ಹೆಸರಿಡುವ ಕೆಲಸವನ್ನು ವೈದ್ಯರಿಗೇ ಬಿಡತಕ್ಕದ್ದು.

ಜಠರದ ಹುಳಿ ಸಾಮಾನ್ಯವಾದ ಹುಳಿಯಲ್ಲ. ಅದು ಹೈಡ್ರೋಕ್ಲೋರಿಕ್ ಆಮ್ಲವೆಂಬುದನ್ನು ಲಂಡನ್ನಿನ ವಿಲಿಯಂ ಪ್ರೌಟ್ ಎಂಬ ವೈದ್ಯನು 1823-24ರಲ್ಲಿ ತೋರಿಸಿಕೊಟ್ಟಾಗ, ಇಷ್ಟು ತೀಕ್ಷ್ಣವಾದ ಖನಿಜಾಮ್ಲ ಜೀವಂತ ದೇಹದಲ್ಲಿರಬಹುದೆಂದು ನಂಬಲು ಅನೇಕರು ಸಿದ್ಧರಿರಲಿಲ್ಲ. ದಿನವೊಂದಕ್ಕೆ ಸುಮಾರು ಎರಡು ಲೀಟರುಗಳಷ್ಟು ಜಠರರಸವನ್ನು ನಾವು ಉತ್ಪತ್ತಿ ಮಾಡುತ್ತೇವೆ. ಜಠರವು ತನ್ನ ಒಳಗೋಡೆಗೆ ದಪ್ಪನಾದ ಲೋಳೆಯನ್ನು ಬಳಿದುಕೊಂಡು, ಅದರ ಅಡಿಯಲ್ಲಿ ಕ್ಷಾರವನ್ನು ಸ್ರವಿಸುತ್ತ, ತನ್ನ ರಸದಲ್ಲಿ ತಾನೇ ಬೇಯದಂತೆ ನೋಡಿಕೊಳ್ಳುತ್ತದೆ. ಅದರ ಮೇಲಿರುವ ಅನ್ನನಾಳಕ್ಕೆ ಇಂತಹ ಕವಚವಿಲ್ಲ. ಅದು ಸುಮಾರು 25 ಸೆಂಟಿಮೀಟರು ಉದ್ದದ ಒಂದು ಹಾದಿ ಮಾತ್ರ. ಬಂದುದನ್ನು ಕೆಳಕ್ಕೆ ನೂಕುವುದೇ ಅದರ ಕೆಲಸ.

ಹೀಗಿರುವಾಗ, ಆಮ್ಲ ತುಂಬಿದ ಚೀಲಕ್ಕೂ ರಕ್ಷಣೆಯಿಲ್ಲದ ನಳಿಗೆಗೂ ನಡುವೆ ಒಂದು ಬಾಗಿಲು ಇರಲೇಬೇಕು. ಈ ಬಾಗಿಲು ಎಲ್ಲಿದೆ? ಅಂಗಚ್ಛೇದ ಮಾಡಿ ನೋಡಿದ ಹಳೆಯ ಶಾರೀರಶಾಸ್ತ್ರಜ್ಞರಿಗೆ ಅದು ಕಣ್ಣಿಗೆ ಬೀಳಲಿಲ್ಲ. ಜಠರದ ಕೆಳಬಾಗಿಲಲ್ಲಿ, ಅಂದರೆ ಸಣ್ಣಕರುಳು ಆರಂಭವಾಗುವಲ್ಲಿ, ಕೈಗೆ ಸಿಕ್ಕುವಂತಹ ದಪ್ಪನಾದ ಸ್ನಾಯುವಿನ ಉಂಗುರವಿದೆ. ಮೇಲ್ಬಾಗಿಲಲ್ಲಿ ಹಾಗೆ ಎದ್ದು ಕಾಣುವ ಉಂಗುರವೊಂದು ದೊರೆಯಲಿಲ್ಲ. ಕೊನೆಗೆ ಅದನ್ನು ಕಂಡುಹಿಡಿದುದು ಕಣ್ಣಲ್ಲ, ಒತ್ತಡವನ್ನು ಅಳೆಯುವ ಸಾಧನ. ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫೈಕ್, ಕೋಡ್ ಮತ್ತು ಶ್ಲೆಗೆಲ್ ಎಂಬವರು ಸಪುರವಾದ ನಳಿಗೆಗಳನ್ನು ಆರೋಗ್ಯವಂತರ ಅನ್ನನಾಳದೊಳಗೆ ಇಳಿಸಿ, ಅಂಗುಲಂಗುಲವಾಗಿ ಮೇಲಕ್ಕೆಳೆಯುತ್ತ ಒತ್ತಡವನ್ನು ಗುರುತುಹಾಕಿಕೊಂಡು 1956ರಲ್ಲಿ ಅದನ್ನು ಪ್ರಕಟಿಸಿದರು. ಅನ್ನನಾಳದ ತುದಿಯ ಮೂರು ನಾಲ್ಕು ಸೆಂಟಿಮೀಟರುಗಳ ಭಾಗ ನುಂಗದಿರುವಾಗ ಸದಾ ಬಿಗಿದುಕೊಂಡೇ ಇರುತ್ತದೆ. ನುಂಗಿದೊಡನೆ ಸಡಿಲವಾಗಿ, ತುತ್ತು ದಾಟಿದ ಮೇಲೆ ಮತ್ತೆ ಬಿಗಿಯುತ್ತದೆ. ಸತ್ತ ದೇಹದಲ್ಲಿ ಬಿಗಿತವೆಲ್ಲಿಯದು? ಶವದಲ್ಲಿ ಅದು ಕಾಣದೆ ಹೋದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಈ ಒಳಗಿನ ಕಾವಲುಗಾರನಿಗೆ ಹೊರಗಿನಿಂದ ಸಹಾಯ ಮಾಡುವ ಇನ್ನೊಬ್ಬನಿದ್ದಾನೆ. ಅವನೇ ವಪೆ. ಎದೆಗೂಡಿಗೂ ಹೊಟ್ಟೆಗೂ ನಡುವೆ ಕೊಡೆ ಬಿಚ್ಚಿದಂತೆ ಹರಡಿಕೊಂಡಿರುವ ಸ್ನಾಯುವಿನ ಪರದೆಯಿದು. ಅದು ಕೆಳಕ್ಕಿಳಿದಾಗ ಎದೆಗೂಡು ಹಿಗ್ಗಿ ಗಾಳಿ ಒಳಕ್ಕೆ ಬರುತ್ತದೆ. ಆದರೆ ಅದೇ ಇಳಿತ ಹೊಟ್ಟೆಯನ್ನು ಅದುಮುತ್ತದೆ. ಹೀಗಾಗಿ ನಾವು ಉಸಿರನ್ನು ಎಳೆದುಕೊಂಡಾಗಲೆಲ್ಲ ಪರದೆಯ ಮೇಲೆ ಸೆಳೆತ, ಕೆಳಗೆ ಒತ್ತಡ. ಬಾಗಿಲೊಂದು ಇಲ್ಲದಿದ್ದರೆ ಪ್ರತಿಯೊಂದು ಉಸಿರೂ ಜಠರದಲ್ಲಿರುವುದನ್ನು ಪಂಪಿನಂತೆ ಮೇಲಕ್ಕೆ ಸೇದುತ್ತಿತ್ತು.

ಪರದೆಯಲ್ಲಿ ದೊಡ್ಡವಾದ ಮೂರು ಕಂಡಿಗಳಿವೆ. ಕೆಳಗಿನ ಅಂಗಗಳಿಂದ ರಕ್ತವನ್ನು ಹೃದಯಕ್ಕೊಯ್ಯುವ ಮಹಾಸಿರೆ ಒಂದರಲ್ಲಿ ಹಾದುಹೋಗುತ್ತದೆ. ಬೆನ್ನುಮೂಳೆಗೆ ಅಂಟಿದಂತೆ ತೀರ ಹಿಂದೆ ಮಹಾಧಮನಿ ಕೆಳಕ್ಕಿಳಿಯುತ್ತದೆ. ಇವೆರಡರ ನಡುವಿನ ಮಟ್ಟದಲ್ಲಿ, ಹತ್ತನೆಯ ಬೆನ್ನೆಲುಬಿನ ಎತ್ತರದಲ್ಲಿ, ಅನ್ನನಾಳದ ಕಂಡಿಯಿದೆ. ರಚನೆಯಲ್ಲಿ ಇದು ಉಳಿದೆರಡರಂತಲ್ಲ. ಮಹಾಸಿರೆಯ ಕಂಡಿ ಇರುವುದು ಪರದೆಯ ನಡುವಿನ ಗಟ್ಟಿಯಾದ ಕಂಡರದಲ್ಲಿ. ಅದು ಹಿಸುಕುವುದಿಲ್ಲ, ಹಿಸುಕಿದರೆ ರಕ್ತ ನಿಂತೀತು. ಅನ್ನನಾಳದ ಕಂಡಿಯಾದರೋ ಪೂರ್ಣವಾಗಿ ಸ್ನಾಯುವಿನಿಂದಾದುದು. ಬೆನ್ನುಮೂಳೆಯಿಂದ ಹೊರಟು ಮೇಲೇರುವ ವಪೆಯ ಎರಡು ಕಾಲುಗಳಲ್ಲಿ, ಹೆಚ್ಚಾಗಿ ಬಲಗಾಲಿನ ಎಳೆಗಳು ಇಬ್ಭಾಗವಾಗಿ ಅನ್ನನಾಳವನ್ನು ಎರಡು ಕೈಗಳಿಂದ ಬಳಸಿದಂತೆ ಸುತ್ತಿಕೊಂಡಿವೆ. ಉಸಿರೆಳೆದಾಗ, ಕೆಮ್ಮಿದಾಗ, ಭಾರ ಎತ್ತಿದಾಗ, ಅಂದರೆ ಹೊಟ್ಟೆಯ ಒತ್ತಡ ಏರುವ ಕ್ಷಣದಲ್ಲಿಯೇ, ಈ ಕೈಗಳು ಬಿಗಿಯುತ್ತವೆ. ಅಪಾಯವನ್ನು ತರುವ ಸ್ನಾಯುವೇ ಅದರ ತಡೆಯನ್ನೂ ಒದಗಿಸುವ ಇಂತಹ ಏರ್ಪಾಟು ದೇಹದಲ್ಲಿ ಬೇರೆ ಕಡೆ ನಮಗೆ ನೆನಪಾಗುವುದಿಲ್ಲ.

ಈ ಎರಡು ಕಾವಲುಗಳೂ ಒಂದರ ಮೇಲೊಂದು ಕೂಡಿ ಕುಳಿತಿರುವವರೆಗೆ ಬಾಗಿಲು ಭದ್ರ. ತೆಳುವಾದ ಆದರೆ ಹಿಗ್ಗಬಲ್ಲ ಒಂದು ಪೊರೆ ಅನ್ನನಾಳವನ್ನು ಕಂಡಿಯ ಅಂಚಿಗೆ ಹಿಡಿದು ಕಟ್ಟಿರುತ್ತದೆ. ವಯಸ್ಸಾದಂತೆ ಈ ಪೊರೆ ಸಡಿಲಿಸುತ್ತದೆ, ಬೊಜ್ಜು, ಬಸಿರು, ತೀರದ ಕೆಮ್ಮು ಮೊದಲಾದುವು ಕೆಳಗಿನಿಂದ ಒತ್ತುತ್ತವೆ, ಕಂಡಿ ಅಗಲವಾಗುತ್ತದೆ. ಆಗ ಜಠರದ ಮೇಲ್ತುದಿ ಕಂಡಿಯೊಳಗೆ ನುಸುಳಿ ಎದೆಗೂಡಿಗೆ ಏರುತ್ತದೆ. ಇದೇ ಕಂಡಿಯ ಹರ್ನಿಯ. ಒಳಗಿನ ಉಂಗುರ ಈಗ ಮೇಲೆ, ವಪೆಯ ಕೈಗಳು ಕೆಳಗೆ. ಒಂದೇ ಬಾಗಿಲಿಗೆ ನಿಂತಿದ್ದ ಇಬ್ಬರು ಕಾವಲುಗಾರರು ಬೇರೆ ಬೇರೆಯಾದರು.

ವಪೆ ಹರಿದು ಕರುಳು ಎದೆಗೇರಿದ ಪ್ರಸಂಗಗಳು ವೈದ್ಯರಿಗೆ ಹಿಂದಿನಿಂದ ತಿಳಿದಿದ್ದುವು. ಯುದ್ಧದಲ್ಲಿ ಗಾಯಗೊಂಡ ಸೈನಿಕರಲ್ಲಿ ಅದನ್ನು ಕಂಡು ಫ್ರಾನ್ಸಿನ ಆಂಬ್ರ್ವಾಸ್ ಪಾರೆ 16ನೆಯ ಶತಮಾನದಲ್ಲಿಯೇ ವರ್ಣಿಸಿದ್ದಾನೆ. ಆದರೆ ಗಾಯವಿಲ್ಲದೆ ತಾನಾಗಿ ಅಗಲವಾದ ಕಂಡಿ ಎಷ್ಟು ಸಾಮಾನ್ಯವೆಂಬುದು ತಿಳಿಯಬೇಕಾದರೆ ಕ್ಷಕಿರಣಗಳು ಬರಬೇಕಾಯಿತು. ಬೇರಿಯಂ ಬೆರೆಸಿದ ಗಂಜಿಯನ್ನು ಕುಡಿಸಿ, ರೋಗಿಯನ್ನು ಮಲಗಿಸಿ ಚಿತ್ರ ತೆಗೆದಾಗ, ಬಿಳಿಯ ಜಠರ ವಪೆಯ ಗೆರೆಯನ್ನು ದಾಟಿ ನಿಂತಿರುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಸ್ವೀಡನ್ನಿನ ಕ್ಷಕಿರಣತಜ್ಞ ಓಕೆ ಓಕರ್ಲುಂಡ್ 1926ರಲ್ಲಿ ಇವುಗಳನ್ನು ವರ್ಗೀಕರಿಸಿದನು. ನೂರಕ್ಕೆ ತೊಂಬತ್ತಕ್ಕೂ ಮೇಲ್ಪಟ್ಟವು ಜಾರುವ ಬಗೆಯವು: ಅನ್ನನಾಳ ಜಠರ ಕೂಡುವ ಸ್ಥಳವೇ ಮೇಲಕ್ಕೆ ಜಾರುತ್ತದೆ. ಉಳಿದವುಗಳಲ್ಲಿ ಆ ಕೂಡುಸ್ಥಳ ತನ್ನ ಜಾಗದಲ್ಲಿಯೇ ಇದ್ದು, ಜಠರದ ಮಗ್ಗುಲು ಅದರ ಪಕ್ಕದಲ್ಲಿ ಉರುಳಿ ಮೇಲೇರುತ್ತದೆ. ಈ ಎರಡನೆಯ ಬಗೆಯಲ್ಲಿ ಜಠರ ತಿರುಚಿಕೊಂಡು ರಕ್ತಸಂಚಾರ ನಿಂತು ಪ್ರಾಣಾಪಾಯ ಸಂಭವಿಸುವುದೂ ಉಂಟು.

ಆರಂಭದ ಶಸ್ತ್ರವೈದ್ಯರು ಹರ್ನಿಯವನ್ನೇ ರೋಗವೆಂದು ಭಾವಿಸಿದ್ದರು. ತೊಡೆಸಂದಿನಲ್ಲಿ ಕರುಳು ಜಾರಿದರೆ ಅದನ್ನು ಒಳಕ್ಕೆ ನೂಕಿ ಕಂಡಿಯನ್ನು ಹೊಲಿಯುವುದಿಲ್ಲವೇ? ಇಲ್ಲಿಯೂ ಹಾಗೆಯೇ ಎಂಬುದು ಅವರ ತರ್ಕ. ನ್ಯೂಯಾರ್ಕಿನ ಆಂಜಲೊ ಸೊರೆಸಿ 1919ರಲ್ಲಿ ಇಂತಹ ದುರಸ್ತಿಯನ್ನು ವರ್ಣಿಸಿ, ಈ ಕಾಯಿಲೆ ಜನ ತಿಳಿದಿರುವುದಕ್ಕಿಂತ ಬಹಳ ಸಾಮಾನ್ಯವೆಂದು ಎಚ್ಚರಿಸಿದನು. ಅನ್ನನಾಳದ ಉರಿಯೂತಕ್ಕೆ ಜಠರದ ಆಮ್ಲವೇ ಕಾರಣವಿರಬಹುದೆಂದು 1935ರಲ್ಲಿ ಅದೇ ನಗರದ ಆಷರ್ ವಿಂಕೆಲ್‌ಸ್ಟೈನ್ ಬರೆದನು. ಹರ್ನಿಯ ಒಂದು ಕಡೆ, ಉರಿಯೂತ ಇನ್ನೊಂದು ಕಡೆ. ಇವೆರಡನ್ನೂ ಕೂಡಿಸಿದ ಕೀರ್ತಿ ಇಂಗ್ಲೆಂಡಿನ ಲೀಡ್ಸ್ ನಗರದ ಶಸ್ತ್ರವೈದ್ಯ ಫಿಲಿಪ್ ಆಲಿಸನ್‌ಗೆ ಸಲ್ಲುತ್ತದೆ.

ಆಲಿಸನ್ 1951ರಲ್ಲಿ ಪ್ರಕಟಿಸಿದ ಪ್ರಬಂಧದ ವಾದ ಸರಳವಾಗಿತ್ತು. ರೋಗಿಯನ್ನು ಪೀಡಿಸುವುದು ಎದೆಗೇರಿದ ಜಠರದ ತುಣುಕಲ್ಲ. ಬಾಗಿಲು ಕೆಟ್ಟು ಹಿಮ್ಮೊಗನಾಗಿ ಹರಿಯುವ ಆಮ್ಲ. ಆದುದರಿಂದ ದುರಸ್ತಿಯ ಗುರಿ ಹರ್ನಿಯವನ್ನು ಅಡಗಿಸುವುದಲ್ಲ, ಬಾಗಿಲನ್ನು ಮತ್ತೆ ಕೂಡಿಸುವುದು. ಅವನು ಎಡಗಡೆಯ ಎದೆಯನ್ನು ತೆರೆದು, ಜಠರವನ್ನು ಹೊಟ್ಟೆಗೆ ಇಳಿಸಿ, ಸಡಿಲಗೊಂಡ ಪೊರೆಯನ್ನು ವಪೆಯ ಕೆಳಮೈಗೆ ಹೊಲಿದು, ಕೊನೆಗೆ ವಪೆಯ ಎರಡು ಕಾಲುಗಳನ್ನು ಅನ್ನನಾಳದ ಹಿಂಬದಿಯಲ್ಲಿ ಹತ್ತಿರ ತಂದು ಹೊಲಿಯುತ್ತಿದ್ದನು. ಪ್ರಕೃತಿ ಹೇಗೆ ಕಟ್ಟಿತ್ತೋ ಹಾಗೆಯೇ ಮತ್ತೆ ಕಟ್ಟುವ ಈ ವಿಧಾನ ನೋಡಲು ಅಂದವಾಗಿತ್ತು, ಆರಂಭದ ಫಲಗಳೂ ಚೆನ್ನಾಗಿದ್ದುವು. ಅನೇಕ ದೇಶಗಳ ಶಸ್ತ್ರವೈದ್ಯರು ಅದನ್ನು ಕೈಗೊಂಡರು.

ಮುಂದಿನದನ್ನು ಹೇಳುವಾಗ ಆಲಿಸನ್ ಬಗ್ಗೆ ನಮಗೆ ಗೌರವ ಇಮ್ಮಡಿಯಾಗುತ್ತದೆ. ಅವನು ತನ್ನ ರೋಗಿಗಳನ್ನು ಮರೆಯಲಿಲ್ಲ. 400ಕ್ಕೂ ಹೆಚ್ಚು ಮಂದಿಯನ್ನು ಇಪ್ಪತ್ತು ವರ್ಷಗಳ ಕಾಲ ಅನುಸರಿಸಿ ಬಂದ ಫಲವನ್ನು 1973ರಲ್ಲಿ, ತಾನು ಸಾಯುವ ಒಂದು ವರ್ಷದ ಮೊದಲು, ಪ್ರಕಟಿಸಿದನು. ಹತ್ತಿರ ಹತ್ತಿರ ಅರ್ಧದಷ್ಟು ಮಂದಿಯಲ್ಲಿ ಆಮ್ಲದ ಹಿಮ್ಮೊಗ ಹರಿವು ಮರಳಿತ್ತು. ತನ್ನ ಹೆಸರಿನ ಶಸ್ತ್ರಕ್ರಿಯೆಯೇ ಸಾಲದೆಂದು ತಾನೇ ಲೆಕ್ಕ ಹಾಕಿ ತೋರಿಸುವುದು ಎಲ್ಲರಿಂದ ಆಗುವ ಕೆಲಸವಲ್ಲ. ಕಂಡಿಯನ್ನು ಮಾತ್ರ ಹೊಲಿದರೆ ಸಾಲದು ಎಂಬುದು ಅಲ್ಲಿಗೆ ಇತ್ಯರ್ಥವಾಯಿತು.

ಸಾಲದೆ ಬಂದುದನ್ನು ತುಂಬಿದ ಉಪಾಯ ಹುಟ್ಟಿದುದು ಬೇರೆಯೇ ದಾರಿಯಲ್ಲಿ. ರುಡಾಲ್ಫ್ ನಿಸೆನ್ 1896ರಲ್ಲಿ ಜರ್ಮನಿಯ ಸೈಲೀಷಿಯ ಪ್ರಾಂತದಲ್ಲಿ ಒಬ್ಬ ಶಸ್ತ್ರವೈದ್ಯನ ಮಗನಾಗಿ ಹುಟ್ಟಿದನು. ಮೊದಲನೆಯ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯವಾಯಿತು. ಬರ್ಲಿನ್ನಿನಲ್ಲಿ ಸುಪ್ರಸಿದ್ಧನಾದ ಸಾವರ್‌ಬ್ರುಖ್‌ನ ಸಹಾಯಕನಾಗಿದ್ದಾಗ, 1931ರಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳ ಒಂದು ಶ್ವಾಸಕೋಶವನ್ನು ಪೂರ್ಣವಾಗಿ ತೆಗೆದು ಅವಳನ್ನು ಬದುಕಿಸಿದನು. ಇಷ್ಟಾದರೂ ಅವನು ಯೆಹೂದ್ಯ. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದೊಡನೆ ದೇಶವನ್ನು ಬಿಡಬೇಕಾಯಿತು. ಆ ವರ್ಷ ತುರ್ಕಿ ತನ್ನ ವಿಶ್ವವಿದ್ಯಾನಿಲಯವನ್ನು ಹೊಸದಾಗಿ ಕಟ್ಟುತ್ತ, ಹೀಗೆ ನೆಲೆ ತಪ್ಪಿದ ವಿದ್ವಾಂಸರನ್ನು ಕೈಬೀಸಿ ಕರೆಯುತ್ತಿತ್ತು. ನಿಸೆನ್ ಇಸ್ತಾಂಬುಲಿಗೆ ಹೋದನು.

ಅಲ್ಲಿಗೆ 1936ರ ಸುಮಾರಿನಲ್ಲಿ 28 ವರ್ಷದ ಯುವಕನೊಬ್ಬ ಬಂದನು. ಅನ್ನನಾಳದ ಕೆಳತುದಿಯಲ್ಲಿ ಆಳವಾದ ಹುಣ್ಣು. ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು, ಉಳಿದ ಅನ್ನನಾಳವನ್ನು ಜಠರಕ್ಕೆ ಜೋಡಿಸದೆ ಬೇರೆ ಉಪಾಯವಿರಲಿಲ್ಲ. ಅಂದಿನ ಕಾಲದಲ್ಲಿ ಇಂತಹ ಜೋಡಣೆ ಸೋರುವುದೇ ಹೆಚ್ಚು, ಸೋರಿದರೆ ಸಾವು. ಆ ಹೊಲಿಗೆಯನ್ನು ಕಾಪಾಡಬೇಕೆಂದು ನಿಸೆನ್ ಜಠರದ ಗೋಡೆಯನ್ನೇ ಮಡಿಸಿ, ಅನ್ನನಾಳದ ತುದಿಯನ್ನು ಅದರಲ್ಲಿ ಹುದುಗಿಸಿ ಹೊಲಿದನು. ಉದ್ದೇಶ ಸೋರದಂತೆ ಮಾಡುವುದಷ್ಟೇ. ಯುವಕ ಚೇತರಿಸಿಕೊಂಡನು. ಬಾಗಿಲನ್ನೇ ಕತ್ತರಿಸಿ ತೆಗೆದ ಮೇಲೆ ಅವನು ಎದೆಯುರಿಯಿಂದ ಬೇಯಬೇಕಾಗಿತ್ತು. ಆದರೆ ಹಲವು ವರ್ಷಗಳ ಬಳಿಕವೂ ಅವನಿಗೆ ಎದೆಯುರಿ ಇರಲಿಲ್ಲ! ನಿಸೆನ್ ಇದನ್ನು ಮನಸ್ಸಿನಲ್ಲಿಟ್ಟುಕೊಂಡನು.

1939ರಲ್ಲಿ ಅವನು ಅಮೆರಿಕಕ್ಕೆ ತೆರಳಿದನು. ನ್ಯೂಯಾರ್ಕಿನಲ್ಲಿರುವಾಗ 1948ರಲ್ಲಿ ಅವನ ಕೈಕೆಳಗೆ ಮಲಗಿದ ಒಬ್ಬ ರೋಗಿ ಆಲ್ಬರ್ಟ್ ಐನ್‌ಸ್ಟೈನ್. ಹೊಟ್ಟೆಯ ಮಹಾಧಮನಿ ಬಲೂನಿನಂತೆ ಉಬ್ಬಿತ್ತು. ನಿಸೆನ್ ಅದಕ್ಕೆ ಸೆಲೋಫೇನ್ ಹಾಳೆಯನ್ನು ಸುತ್ತಿದನು. ಐನ್‌ಸ್ಟೈನ್ 1955ರವರೆಗೆ ಬದುಕಿದನು. ಸುತ್ತಿ ಬಲಪಡಿಸುವುದು ಈ ವೈದ್ಯನಿಗೆ ಒಲಿದ ವಿದ್ಯೆಯೋ ಎಂದು ನಾವು ತಮಾಷೆಗೆ ಅಂದುಕೊಳ್ಳಬಹುದು.

ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ 1952ರಲ್ಲಿ ಬಂದು ನೆಲೆಸಿದ ಬಳಿಕ ಅವನು ಹಳೆಯ ನೆನಪನ್ನು ಹೊರತೆಗೆದನು. ಎದೆಯುರಿಯಿಂದ ಬಹುಕಾಲ ನರಳಿದ್ದ 49 ವರ್ಷದ ಹೆಂಗಸೊಬ್ಬಳಿಗೆ 1955ರಲ್ಲಿ ಶಸ್ತ್ರಚಿಕಿತ್ಸೆ ಮಾಡುತ್ತ, ಏನನ್ನೂ ಕತ್ತರಿಸಿ ತೆಗೆಯದೆ, ಜಠರದ ಗುಮ್ಮಟದಂತಹ ಮೇಲ್ಭಾಗವನ್ನು ಅನ್ನನಾಳದ ಹಿಂದಿನಿಂದ ಎಳೆದು ತಂದು ಮುಂದೆ ಕೂಡಿಸಿ ಹೊಲಿದನು. ಶೀತದಲ್ಲಿ ಕೊರಳಿಗೆ ಶಾಲು ಸುತ್ತಿಕೊಂಡ ಹಾಗೆ. ಮುಂದಿನ ವರ್ಷ ಎರಡು ರೋಗಿಗಳ ವೃತ್ತಾಂತವನ್ನು ಒಂದು ಸ್ವಿಸ್ ವೈದ್ಯಕೀಯ ವಾರಪತ್ರಿಕೆಯಲ್ಲಿ ಒಂದು ಸರಳ ಶಸ್ತ್ರಕ್ರಿಯೆ ಎಂಬ ಭಾವದ ಶೀರ್ಷಿಕೆಯಡಿಯಲ್ಲಿ ಪ್ರಕಟಿಸಿದನು.

ಈ ಶಾಲಿನ ಯುಕ್ತಿ ಹೀಗಿದೆ. ಜಠರ ತುಂಬಿ ಅದರ ಒತ್ತಡ ಏರಿದಾಗ, ಸುತ್ತಿಕೊಂಡಿರುವ ಜಠರದ ಭಾಗದಲ್ಲಿಯೂ ಅದೇ ಒತ್ತಡ ಏರುತ್ತದೆ; ಅದು ನಡುವಿನ ಅನ್ನನಾಳವನ್ನು ಹಿಸುಕುತ್ತದೆ. ಮೇಲಕ್ಕೆ ನುಗ್ಗಬೇಕೆಂದು ಒತ್ತುವ ಬಲವೇ ಬಾಗಿಲನ್ನು ಮುಚ್ಚುವ ಬಲವಾಯಿತು. ವಪೆಯ ಕೈಗಳ ಯುಕ್ತಿಯನ್ನೇ ಜಠರದ ಕೈಯಲ್ಲಿ ಮಾಡಿಸಿದಂತೆ.

ಆದರೆ ಶಾಲನ್ನು ಎಷ್ಟು ಬಿಗಿಯಾಗಿ ಸುತ್ತಬೇಕು? ನಿಸೆನ್‌ನ ಮೊದಲ ಸುತ್ತು ಆರು ಸೆಂಟಿಮೀಟರುಗಳಷ್ಟು ಉದ್ದವಾಗಿತ್ತು. ಹುಳಿ ಮೇಲೇರುವುದು ನಿಂತಿತು. ಕೂಡವೇ ಬೇರೆ ಕಷ್ಟಗಳು ಹುಟ್ಟಿದುವು. ಊಟ ಮಾಡುವಾಗ ನಾವೆಲ್ಲರೂ ಗಾಳಿಯನ್ನು ನುಂಗುತ್ತೇವೆ. ಒಳಗಿನ ಉಂಗುರ ಆಗಾಗ ಕೆಲವು ಸೆಕೆಂಡುಗಳ ಕಾಲ ತಾನೇ ಸಡಿಲವಾಗಿ ಆ ಗಾಳಿಯನ್ನು ತೇಗಾಗಿ ಹೊರಕ್ಕೆ ಬಿಡುತ್ತದೆ. ಬಿಗಿಯಾಗಿ ಸುತ್ತಿಸಿಕೊಂಡವರಿಗೆ ತೇಗಲು ಬಾರದು, ವಾಂತಿ ಮಾಡಲು ಬಾರದು. ಹೊಟ್ಟೆ ತಮಟೆಯಂತೆ ಉಬ್ಬುತ್ತದೆ. ಕೆಲವರಿಗೆ ತುತ್ತು ಇಳಿಯುವುದೇ ಕಷ್ಟ. ಉರಿ ಹೋಯಿತೆಂದು ಸಂತೋಷಪಡುವುದೋ, ತೇಗು ಬಾರದೆಂದು ದುಃಖಿಸುವುದೋ ತಿಳಿಯದ ಸ್ಥಿತಿ ಅವರದು.

ಆದಕಾರಣ ಮುಂದಿನ ಮೂವತ್ತು ವರ್ಷಗಳ ಇತಿಹಾಸ ಬಹುಮಟ್ಟಿಗೆ ಸಡಿಲಿಸುವ ಇತಿಹಾಸ. ಫ್ರಾನ್ಸಿನಲ್ಲಿ ಡಾರ್ 1962ರಲ್ಲಿ ಮುಂಬದಿಯನ್ನು ಮಾತ್ರ ಮುಚ್ಚುವ ಅರ್ಧ ಸುತ್ತನ್ನೂ, ಟೂಪೆ 1963ರಲ್ಲಿ ಹಿಂಬದಿಯ ಮುಕ್ಕಾಲು ಸುತ್ತಿನ ದಾರಿಯನ್ನೂ ತೋರಿಸಿದರು. ಅಮೆರಿಕದ ಡಿಮೀಸ್ಟರ್ 1980ರ ದಶಕದಲ್ಲಿ ಪೂರ್ಣ ಸುತ್ತನ್ನೇ ಉಳಿಸಿಕೊಂಡು ಅದರ ಉದ್ದವನ್ನು ಒಂದೆರಡು ಸೆಂಟಿಮೀಟರಿಗೆ ಇಳಿಸಿದನು. ಬಿಗಿ ತಪ್ಪದಿರಲೆಂದು, ಹೊಲಿಯುವಾಗ ಅನ್ನನಾಳದೊಳಗೆ ಸುಮಾರು 20 ಮಿಲಿಮೀಟರು ದಪ್ಪದ ಮೆತ್ತನೆಯ ಕೋಲನ್ನು ಇಳಿಸಿಟ್ಟು, ಆಮೇಲೆ ಅದನ್ನು ಎಳೆದುಬಿಡುವ ರೂಢಿ ಬಂತು. ನಮ್ಮ ದರ್ಜಿಗಳು ಕೊರಳಪಟ್ಟಿಯ ಅಳತೆ ತೆಗೆಯುವಾಗ ಟೇಪಿನೊಳಗೆ ಒಂದು ಬೆರಳಿಟ್ಟು ನೋಡುತ್ತಾರಲ್ಲವೇ? ಇದೂ ಹಾಗೆಯೇ.

ಇಂದು ನಡೆಯುವ ಶಸ್ತ್ರಕ್ರಿಯೆಯಲ್ಲಿ ಆಲಿಸನ್ ಮತ್ತು ನಿಸೆನ್ ಇಬ್ಬರೂ ಕೈಸೇರಿಸಿದ್ದಾರೆ. 1991ರಲ್ಲಿ ಬೆಲ್ಜಿಯಮಿನ ಡಾಲೆಮಾನ್ಯ್ ಮೊದಲಾದವರು ದೊಡ್ಡ ಗಾಯವಿಲ್ಲದೆ ಉದರದರ್ಶಕದ ಮೂಲಕ ಅದನ್ನು ಮಾಡಿದ ವರದಿ ಪ್ರಕಟವಾದ ಮೇಲೆ ಎದೆಯನ್ನಾಗಲಿ ಹೊಟ್ಟೆಯನ್ನಾಗಲಿ ಸೀಳುವ ಅಗತ್ಯ ವಿರಳವಾಗಿದೆ. ಹೊಟ್ಟೆಯ ಮೇಲ್ಭಾಗದಲ್ಲಿ ನಾಲ್ಕೈದು ಸಣ್ಣ ರಂಧ್ರಗಳನ್ನು ಮಾಡಿ, ಇಂಗಾಲದ ಡೈಆಕ್ಸೈಡ್ ಅನಿಲವನ್ನು ತುಂಬಿ ಹೊಟ್ಟೆಯನ್ನು ಡೇರೆಯಂತೆ ಎತ್ತುತ್ತಾರೆ. ಒಂದು ರಂಧ್ರದಲ್ಲಿ ಬೆಳಕೂ ಕ್ಯಾಮರವೂ ಇರುತ್ತವೆ. ಉಳಿದವುಗಳಲ್ಲಿ ನೀಳವಾದ ಚಿಮ್ಮಟ, ಕತ್ತರಿ, ಸೂಜಿಗಳು. ಯಕೃತ್ತಿನ ಎಡಹಾಳೆಯನ್ನು ಮೆಲ್ಲನೆ ಮೇಲೆತ್ತಿದರೆ ವಪೆಯ ಕಂಡಿ ಕಾಣುತ್ತದೆ. ಏರಿದ ಜಠರವನ್ನು ಬಿಡಿಸಿ, ಅನ್ನನಾಳದ ಎರಡು ಮೂರು ಸೆಂಟಿಮೀಟರುಗಳು ಎಳೆತವಿಲ್ಲದೆ ಹೊಟ್ಟೆಯೊಳಗೆ ನಿಲ್ಲುವಂತೆ ಕೆಳಕ್ಕೆ ತರಬೇಕು. ಅನ್ನನಾಳದ ಮೈಮೇಲೆ ಇಳಿದುಬರುವ ವೇಗಸ್ ನರಗಳಿಗೆ ಘಾಸಿಯಾಗಬಾರದು; ಆದರೆ ಜಠರ ಬರಿದಾಗುವುದೇ ನಿಧಾನವಾದೀತು. ಬಳಿಕ ವಪೆಯ ಎರಡು ಕಾಲುಗಳನ್ನು ಅನ್ನನಾಳದ ಹಿಂದೆ ಹತ್ತಿರ ತಂದು, ಕರಗದ ದಾರದಿಂದ ಕೆಲವು ಹೊಲಿಗೆ. ಕೊನೆಯಲ್ಲಿ ಜಠರದ ಶಾಲು. ಕ್ರಮವನ್ನು ತಪ್ಪಿಸಿ, ಕಂಡಿಯನ್ನು ಹೊಲಿಯದೆ ಶಾಲನ್ನಷ್ಟೇ ಸುತ್ತಿದರೆ, ಸುತ್ತಿದ ಭಾಗವೇ ಮೇಲೇರಿ ಎದೆಗೂಡಿನೊಳಗೆ ಹೋಗಿ ಕೂರುತ್ತದೆ. ಕೆಲವು ವಾರ ಮೆತ್ತನೆಯ ಅನ್ನ, ಗಂಜಿ. ಗಟ್ಟಿಯಾದ ತುತ್ತಾಗಲಿ, ನೊರೆಯುಕ್ಕುವ ಪಾನೀಯವಾಗಲಿ ಆ ದಿನಗಳಲ್ಲಿ ಕೂಡದು.

ಇಷ್ಟೆಲ್ಲ ಹೇಳಿದ ಮೇಲೆ, ಎದೆಯುರಿಯಿರುವವರೆಲ್ಲರೂ ಶಸ್ತ್ರವೈದ್ಯನ ಬಳಿಗೆ ಓಡಬೇಕೆಂದು ವಾಚಕರು ಭಾವಿಸಬಾರದು. ಇಂಗ್ಲೆಂಡಿನಲ್ಲಿ 1976ರಲ್ಲಿ ಸಿಮೆಟಿಡಿನ್, ಬಳಿಕ 1988ರಲ್ಲಿ ಸ್ವೀಡನ್ನಿನಿಂದ ಒಮೆಪ್ರಜೋಲ್ ಎಂಬ ಔಷಧಗಳು ಬಂದುವು. ಎರಡನೆಯದು ಜಠರದ ಗೋಡೆಯಲ್ಲಿ ಆಮ್ಲವನ್ನು ಹೊರಕ್ಕೆ ನೂಕುವ ಸೂಕ್ಷ್ಮ ಯಂತ್ರವನ್ನೇ ನಿಲ್ಲಿಸುತ್ತದೆ. ಬಾಗಿಲು ಕೆಟ್ಟೇ ಇರುತ್ತದೆ, ರಸ ಮೇಲೇರುತ್ತಲೇ ಇರುತ್ತದೆ. ಆದರೆ ಏರುವ ರಸದಲ್ಲಿ ಸುಡುವ ಶಕ್ತಿ ಉಳಿದಿರುವುದಿಲ್ಲ. ಬಹುಮಂದಿಗೆ ಇಷ್ಟು ಸಾಕು.

ಹಾಗಾದರೆ ಮಾತ್ರೆ ಮೇಲೋ, ಹೊಲಿಗೆ ಮೇಲೋ? ಯೂರೋಪಿನ 11 ದೇಶಗಳಲ್ಲಿ 554 ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಒಂದು ಪರೀಕ್ಷೆಯ ಫಲ 2011ರಲ್ಲಿ ಪ್ರಕಟವಾಯಿತು. ಐದು ವರ್ಷಗಳ ಬಳಿಕ ಮಾತ್ರೆಯವರಲ್ಲಿ ನೂರಕ್ಕೆ 92 ಮಂದಿ, ಶಸ್ತ್ರಚಿಕಿತ್ಸೆಯವರಲ್ಲಿ ನೂರಕ್ಕೆ 85 ಮಂದಿ ನೆಮ್ಮದಿಯಾಗಿದ್ದರು. ಹುಳಿನೀರು ಉಕ್ಕುವ ತೊಂದರೆ ಮಾತ್ರೆಯವರಲ್ಲಿ ನೂರಕ್ಕೆ 13 ಮಂದಿಗೆ ಉಳಿದಿದ್ದರೆ, ಹೊಲಿಸಿಕೊಂಡವರಲ್ಲಿ 2 ಮಂದಿಗೆ ಮಾತ್ರ; ನುಂಗುವ ಕಷ್ಟವಾದರೋ ಮಾತ್ರೆಯವರಲ್ಲಿ 5, ಹೊಲಿಸಿಕೊಂಡವರಲ್ಲಿ 11. ಉಕ್ಕುವುದನ್ನು ತಡೆಯಬೇಕಾದರೆ ಬಾಗಿಲನ್ನೇ ಕಟ್ಟಬೇಕು, ಕಟ್ಟಿದ ಬಾಗಿಲಿಗೆ ಅದರದೇ ಸುಂಕವಿದೆ ಎಂಬುದು ಈ ಅಂಕಿಗಳಲ್ಲಿ ಕಾಣುತ್ತದೆ. ಸ್ವೀಡನ್ನಿನಲ್ಲಿ ಶಸ್ತ್ರಚಿಕಿತ್ಸೆಯಾದ 2,655 ಮಂದಿಯ ದಾಖಲೆಗಳನ್ನು ತೆಗೆದು ನೋಡಿದಾಗ, 17.7 ಪ್ರತಿಶತ ಮಂದಿಗೆ ಕಾಯಿಲೆ ಮರುಕಳಿಸಿತ್ತೆಂದು 2017ರಲ್ಲಿ ತಿಳಿದುಬಂತು. ಅವರಲ್ಲಿ ಹೆಚ್ಚಿನವರು ಮತ್ತೆ ಮಾತ್ರೆಗೆ ಮರಳಿದ್ದರು.

ಇನ್ನೂ ಸ್ವಾರಸ್ಯವಾದುದು 2019ರಲ್ಲಿ ಅಮೆರಿಕದಿಂದ ಬಂದ ವರದಿ. ಮಾತ್ರೆಗೆ ಜಗ್ಗದ ಎದೆಯುರಿ ಎಂಬ ಕಾರಣದಿಂದ 366 ಮಂದಿಯನ್ನು ವೈದ್ಯರು ಕಳುಹಿಸಿದ್ದರು. ಅವರನ್ನು ಒಬ್ಬೊಬ್ಬರಾಗಿ ಶೋಧಿಸಲಾಯಿತು. 42 ಮಂದಿಗೆ ಅದೇ ಜಾತಿಯ ಮಾತ್ರೆಯನ್ನು ಎರಡು ವಾರ ಕ್ರಮವಾಗಿ, ಊಟಕ್ಕೆ ಮುಂಚೆ, ಕೊಟ್ಟೊಡನೆ ಗುಣ ಕಂಡಿತು. 99 ಮಂದಿಗೆ ಉರಿಯಿತ್ತು, ಆದರೆ ಆಮ್ಲ ಮೇಲೇರುತ್ತಲೇ ಇರಲಿಲ್ಲ. ಎಲ್ಲ ಜರಡಿಗಳನ್ನೂ ದಾಟಿ ಕೊನೆಗೆ ಉಳಿದವರು 78 ಮಂದಿ. ಈ 78 ಮಂದಿಯಲ್ಲಿ ಶಸ್ತ್ರಚಿಕಿತ್ಸೆಯ ಪಾಲಿಗೆ ಬಿದ್ದವರಲ್ಲಿ ನೂರಕ್ಕೆ 67 ಮಂದಿಗೆ ಫಲ ದೊರೆಯಿತು. ಬೇರೆ ಔಷಧಗಳನ್ನು ಕೂಡಿಸಿಕೊಟ್ಟವರಲ್ಲಿ ಇದು 28 ಮಾತ್ರ. ಸರಿಯಾದ ರೋಗಿಗೆ ಈ ಕ್ರಿಯೆ ಮಾತ್ರೆಯನ್ನು ಮೀರಿಸುತ್ತದೆ. ತಪ್ಪು ರೋಗಿಗೆ ಇದು ಬರಿಯ ಗಾಯ.

ಸರಿಯಾದ ರೋಗಿಯನ್ನು ಆರಿಸುವುದಕ್ಕಾಗಿಯೇ ಇಂದು ಶಸ್ತ್ರಕ್ಕೆ ಮೊದಲು ಹಲವು ಪರೀಕ್ಷೆಗಳು ನಡೆಯುತ್ತವೆ. ಅಂತರ್ದರ್ಶಕದಿಂದ ಅನ್ನನಾಳದ ಒಳಮೈಯನ್ನು ನೋಡುತ್ತಾರೆ. ಆಮ್ಲ ವರ್ಷಗಟ್ಟಲೆ ಸುಟ್ಟಲ್ಲಿ ಆ ಮೈ ತನ್ನ ಸ್ವರೂಪವನ್ನೇ ಬದಲಿಸಿಕೊಂಡು ಜಠರದ, ಕರುಳಿನ ಮೈಯನ್ನು ಹೋಲುವುದುಂಟು. ಲಂಡನ್ನಿನ ನಾರ್ಮನ್ ಬ್ಯಾರೆಟ್ಟನ ಹೆಸರಿನಿಂದ ಕರೆಯುವ ಈ ಮಾರ್ಪಾಟು ಮುಂದೆ ಅಪರೂಪವಾಗಿ ಕ್ಯಾನ್ಸರಿಗೆ ದಾರಿಯಾಗುವುದರಿಂದ ಅಂತಹವರ ಮೇಲೆ ಕಣ್ಣಿಟ್ಟಿರಬೇಕಾಗುತ್ತದೆ. ಉಂಗುರಕ್ಕಿಂತ ಐದು ಸೆಂಟಿಮೀಟರು ಮೇಲೆ ಒಂದು ಸಪುರ ನಳಿಗೆಯನ್ನು ನಿಲ್ಲಿಸಿ ಇಡೀ ಒಂದು ದಿನ ಆಮ್ಲದ ಲೆಕ್ಕವಿಡುತ್ತಾರೆ. ಅನ್ನನಾಳ ಕೆಳಮೊಗನಾಗಿ ನೂಕುವ ಶಕ್ತಿಯನ್ನೂ ಅಳೆಯುತ್ತಾರೆ. ನೂಕುವ ಬಲವೇ ಇಲ್ಲದವರಿಗೆ ಬಿಗಿಯಾದ ಶಾಲನ್ನು ಸುತ್ತಿದರೆ ಅವರು ಉಪವಾಸ ಬೀಳಬೇಕಾದೀತು.

ಹೊಲಿಗೆ ಏಕೆ ಬಿಚ್ಚುತ್ತದೆ ಎಂಬುದು ಆಲಿಸನ್‌ನ ಕಾಲದಿಂದಲೂ ಶಸ್ತ್ರವೈದ್ಯರನ್ನು ಕಾಡುತ್ತ ಬಂದಿದೆ. ಮುರಿದ ಕಾಲನ್ನು ಪಟ್ಟಿ ಕಟ್ಟಿ ಆರು ವಾರ ಅಲುಗದಂತೆ ಇಡಬಹುದು. ವಪೆಗೆ ವಿಶ್ರಾಂತಿ ಕೊಡುವ ಬಗೆ ಹೇಗೆ? ನಿಮಿಷಕ್ಕೆ 14 ಉಸಿರೆಂದರೂ ದಿನಕ್ಕೆ 20,000 ಸಲ ಅದು ಇಳಿದು ಏರುತ್ತದೆ. ಪ್ರತಿಯೊಂದು ಸಲವೂ ಹೊಲಿದ ಅಂಚುಗಳನ್ನು ಎಳೆಯುತ್ತದೆ. ಅದರ ಮೇಲೆ ಕೆಮ್ಮು, ಸೀನು, ಬಿಕ್ಕಳಿಕೆ. ವಪೆಯ ಕಾಲುಗಳು ಮಾಂಸಲವಾದುವು. ಹೊಲಿದ ದಾರ ಬೆಣ್ಣೆಯಲ್ಲಿ ಎಳೆದಂತೆ ಅವುಗಳನ್ನು ಕೊಯ್ದುಕೊಂಡು ಬರುವುದುಂಟು. ದೊಡ್ಡ ಹರ್ನಿಯಗಳಲ್ಲಿ ಹೊಲಿಗೆಯ ಮೇಲೆ ಬಲೆಯ ತುಣುಕೊಂದನ್ನು ತೇಪೆ ಹಾಕಿ ನೋಡಿದರು. ಪ್ಲಾಸ್ಟಿಕ್ಕಿನ ಬಲೆ ಕೆಲವೊಮ್ಮೆ ಅನ್ನನಾಳವನ್ನೇ ಕೊರೆದುಕೊಂಡು ಒಳಹೊಕ್ಕಿತು. ಆದುದರಿಂದ ಪ್ರಾಣಿಯ ಕರುಳಿನಿಂದ ಮಾಡಿದ, ಕ್ರಮೇಣ ಕರಗುವ ತೇಪೆ ಬಂತು. ಅಮೆರಿಕದಲ್ಲಿ 108 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಆರು ತಿಂಗಳ ಕೊನೆಗೆ, ಹೊಲಿಗೆ ಮಾತ್ರ ಇದ್ದವರಲ್ಲಿ ನೂರಕ್ಕೆ 24, ತೇಪೆಯವರಲ್ಲಿ ನೂರಕ್ಕೆ 9 ಮಂದಿಗೆ ಹರ್ನಿಯ ಮರಳಿತ್ತು. ಎಲ್ಲರೂ ಹರ್ಷಪಟ್ಟರು. ಸುಮಾರು ಐದು ವರ್ಷಗಳಾದ ಮೇಲೆ ಅದೇ ರೋಗಿಗಳಿಗೆ ಮತ್ತೆ ಬೇರಿಯಂ ಕುಡಿಸಿ ಚಿತ್ರ ತೆಗೆದರು. 2011ರಲ್ಲಿ ಬಂದ ಅಂಕಿ ಹೀಗಿತ್ತು: ಹೊಲಿಗೆಯವರಲ್ಲಿ 59, ತೇಪೆಯವರಲ್ಲಿ 54. ಆದರೆ ಆ ರೋಗಿಗಳನ್ನು ಕೇಳಿದಾಗ, ಎರಡು ಗುಂಪಿನವರೂ ಶಸ್ತ್ರಕ್ರಿಯೆಗೆ ಮುಂಚಿಗಿಂತ ಬಹಳ ಸುಖವಾಗಿರುವುದಾಗಿ ತಿಳಿಸಿದರು. ಚಿತ್ರದಲ್ಲಿ ಕಂಡಿ ಮತ್ತೆ ತೆರೆದಿತ್ತು. ಹೆಚ್ಚಿನವರಿಗೆ ಅದು ಗೊತ್ತೇ ಆಗಿರಲಿಲ್ಲ.